ಕುಸುಗಲ್ಲಿನ ಹತ್ತಿ, ಮ್ಯಾಂಚೆಸ್ಟರಿನ ಅರ್ಜಿ

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿನ ಜನರನ್ನು ಕೇಳಿ ಮಾಡಿದ್ದಲ್ಲ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಸರಕಾರದ ಕೈಯಲ್ಲಿತ್ತು. ಆ ಹತ್ತಿ ಇಳಿದು ಹೋಗಬೇಕಾದ ಘಟ್ಟ, ಹಡಗು ಹತ್ತಬೇಕಾದ ಕುಮಟಾ ಮತ್ತು ಕಾರವಾರದ ದಂಡೆ ಮದ್ರಾಸಿನ ಕೈಯಲ್ಲಿದ್ದವು. ರಸ್ತೆಗೆ ಯಾರು ರೊಕ್ಕ ಹಾಕಬೇಕು ಅನ್ನೋ ಜಗಳದಲ್ಲಿ ಎರಡೂ ಸರಕಾರಗಳು ವರ್ಷಗಟ್ಟಲೆ ಕಾಗದ ಬರೆದುಕೊಂಡು ಕೂತಿದ್ದವು. ಮ್ಯಾಂಚೆಸ್ಟರಿನ ಗಿರಣಿ ಮಾಲಕರು ಮತ್ತು ಮುಂಬಯಿಯ ವರ್ತಕರು ಒತ್ತಾಯ ಹಾಕಿದರು, ಗಡಿ ಸರಿಯಿತು. ಶಿರಸಿ, ಯಲ್ಲಾಪುರದ ಮಂದಿಯ ಕೋರ್ಟು ಕಚೇರಿಗಳೆಲ್ಲ ಮುಂಬಯಿಯತ್ತ ತಿರುಗಿದ್ದರ ಹಿಂದೆ ಹುಬ್ಬಳ್ಳಿ ಎರೆಹೊಲದ ಹತ್ತಿ ಇತ್ತು.

ಈ ಅರ್ಜಿ ಕೊಟ್ಟವರು ತಮ್ಮನ್ನು ಸಾಮ್ರಾಜ್ಯವಾದಿಗಳು ಅಂತ ಕರೆದುಕೊಂಡವರಲ್ಲ. ಮ್ಯಾಂಚೆಸ್ಟರ್ ಅಂದರೆ ಆ ಕಾಲಕ್ಕೆ ಮುಕ್ತ ವ್ಯಾಪಾರದ ಕಾಶಿ. ಅಲ್ಲಿಯ ನಾಯಕ ರಿಚರ್ಡ್ ಕಾಬ್ಡನ್ ವಸಾಹತುಗಳೇ ದಂಡ, ಇಂಡಿಯಾದ ಆಳ್ವಿಕೆ ಇಂಗ್ಲೆಂಡಿಗೆ ಹೊರೆ ಅನ್ನುತ್ತಿದ್ದ. ಅವನ ಜೊತೆಗಾರ ಜಾನ್ ಬ್ರೈಟ್ ಯುದ್ಧವಿರೋಧಿ. ಅದೇ ಬ್ರೈಟ್ 1848ರಲ್ಲಿ ಇಂಡಿಯಾದಲ್ಲಿ ಹತ್ತಿ ಬೆಳೆಯುವ ಬಗ್ಗೆ ವಿಚಾರಣೆ ನಡೆಸಿದ ಸಂಸತ್ ಸಮಿತಿಯ ಅಧ್ಯಕ್ಷ.

ಜಾಗತೀಕರಣ, ಸಾಮ್ರಾಜ್ಯಶಾಹಿ ಅಂದ ಕೂಡಲೇ ನಮ್ಮಲ್ಲಿ ಎರಡು ಸಿದ್ಧ ವಾದಗಳು ಎದುರುಬದುರು ನಿಲ್ಲುತ್ತವೆ. ದೊಡ್ಡ ಬಂಡವಾಳಗಾರನೇ ಸಾಮ್ರಾಜ್ಯದ ಸೂತ್ರಧಾರ ಅನ್ನೋದು ಒಂದು. ವ್ಯಾಪಾರಿಗೆ ಶಾಂತಿ ಬೇಕು, ದಂಡು ಕಟ್ಟಿಕೊಂಡು ಹೋಗುವುದು ರಾಜರ ಹಳೇ ಚಟ, ಅದು ವ್ಯಾಪಾರಿಯದಲ್ಲ ಅನ್ನೋದು ಇನ್ನೊಂದು. ಎರಡಕ್ಕೂ ಪುರಾವೆ ಸಿಗುತ್ತದೆ, ಅದಕ್ಕೇ ಜಗಳ ಮುಗಿಯೋದಿಲ್ಲ. ನನ್ನ ಮಟ್ಟಿಗೆ ಉದ್ಯಮಿಯ ನಂಬಿಕೆ ಏನು ಅಂತ ಹುಡುಕುವುದಕ್ಕಿಂತ, ಅವನು ಸರಕಾರದ ಮುಂದೆ ಇಟ್ಟ ಬೇಡಿಕೆಯ ಪಟ್ಟಿ ಓದುವುದು ಲೇಸು. ಖರ್ಚು ಯಾರು ಹಾಕಬೇಕು, ಲುಕ್ಸಾನು ಆದರೆ ಯಾರ ಖಾತೆಗೆ ಬರೆಯಬೇಕು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ. ಧಾರವಾಡದ ಹತ್ತಿಗೆ ಇಂಥ ಪಟ್ಟಿ ನೂರೆಂಬತ್ತು ವರ್ಷ ಉದ್ದ ಇದೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಭಾಗದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಪಗಾರ ಕೊಟ್ಟು ಕರೆಸಿತು. ಅವರಲ್ಲಿ ಮರ್ಸರ್ ಅನ್ನುವವ ನಮ್ಮ ಕಡೆ ಬಂದ. ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಪ್ರಯೋಗದ ತೋಟ ಹಾಕಿದರು, ನ್ಯೂ ಆರ್ಲಿಯನ್ಸಿನ ಬೀಜ ಬಿತ್ತಿದರು. ಇಂಡಿಯಾದ ಉಳಿದ ಕಡೆ ಈ ಪ್ರಯೋಗ ಹೆಚ್ಚುಕಡಿಮೆ ಮಣ್ಣುಪಾಲಾಯಿತು. ಧಾರವಾಡದ ಹವೆಗೆ ಮಾತ್ರ ಅದು ಕಚ್ಚಿಕೊಂಡಿತು, ‘ಧಾರವಾಡ-ಅಮೆರಿಕನ್’ ಅಂತ ಹೆಸರು ಪಡೆಯಿತು. 1860ರ ದಶಕದ ಆರಂಭಕ್ಕೆ ಜಿಲ್ಲೆಯಲ್ಲಿ ಅದರ ವಿಸ್ತೀರ್ಣ ಲಕ್ಷ ಎಕರೆ ದಾಟಿತ್ತು. ಇದರಲ್ಲಿ ಒಂದು ತಮಾಷೆ ಇದೆ. ಸರಕಾರಿ ತೋಟ ಬರೀ ಖರ್ಚಿನ ಬಾಬು, ಅಮೆರಿಕದ ಪದ್ಧತಿ ಇಲ್ಲಿಗೆ ಒಗ್ಗೋದಿಲ್ಲ, ರೈತನ ಬೇಸಾಯವೇ ಅಗ್ಗ ಅಂತ ವರದಿ ಕೊಟ್ಟವ ಇದೇ ಮರ್ಸರ್. ತೋಟ ಮುಚ್ಚಿತು, ಬೀಜ ಉಳಿಯಿತು.

ಆ ಬೀಜದ ಜೊತೆ ಇನ್ನೊಂದು ಸಾಮಾನೂ ಬರಬೇಕಾಯಿತು. ನಮ್ಮ ಹಳೇ ಕುಮಟಾ ಹತ್ತಿಯ ಕಾಳಿನಿಂದ ಎಳೆ ಸಲೀಸಾಗಿ ಬಿಡುತ್ತಿತ್ತು. ಹೆಣ್ಣುಮಕ್ಕಳು ಗಿಡ್ಡ ಮಣೆಯ ಮೇಲೆ ಕೂತು, ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಹಿಂದೆಮುಂದೆ ಉರುಳಿಸುತ್ತಿದ್ದರು. ಅರಳೆ ಒಂದು ಕಡೆ, ಕಾಳು ಒಂದು ಕಡೆ. ಕಲ್ಲು ಮನೆಯದು, ಸಲಾಕೆ ಊರ ಕಮ್ಮಾರನದು. ಅಮೆರಿಕನ್ ಹತ್ತಿಯ ಕಾಳಿನ ಮೇಲೆ ಗಿಡ್ಡ ನವುರು ಅಂಟಿಕೊಂಡಿರುತ್ತದೆ, ಸಲಾಕೆಗೆ ಅದು ಬಗ್ಗೋದಿಲ್ಲ. ಅದಕ್ಕೆ ಕಾಳು ಬಿಡಿಸುವ ಯಂತ್ರ, ಗರಗಸದ ಜಿನ್ನೇ ಬೇಕು: ಒಂದೇ ಅಚ್ಚಿನ ಮೇಲೆ ಸಾಲಾಗಿ ಕೂರಿಸಿದ ಹಲ್ಲುಗಾಲಿಗಳು ಕಬ್ಬಿಣದ ಪಟ್ಟಿಗಳ ಸಂದಿಯಿಂದ ಎಳೆಯನ್ನು ಹರಿದು ಎಳೆಯುತ್ತವೆ, ಕಾಳು ಸಂದಿಯಲ್ಲಿ ತೂರದೆ ಕೆಳಗೆ ಬೀಳುತ್ತದೆ. ಹಲ್ಲು ಮೊಂಡಾದರೆ ಎಳೆ ತುಂಡಾಗುತ್ತದೆ, ಬೇಗ ತಿರುಗಿಸಿದರೆ ಗಂಟುಗಂಟಾಗುತ್ತದೆ, ಹಸಿ ಹತ್ತಿ ಹಾಕಿದರೆ ಹಲ್ಲಿಗೇ ಸುತ್ತಿಕೊಳ್ಳುತ್ತದೆ. ಇದನ್ನು ರಿಪೇರಿ ಮಾಡಲು ಸರಕಾರ ಧಾರವಾಡದಲ್ಲೇ ಜಿನ್ನು ಕಾರ್ಖಾನೆ ತೆರೆಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಫೋರ್ಬ್ಸ್ ಮುಂದೆ ಮುಂಬಯಿ ಪ್ರಾಂತ್ಯದ ಹತ್ತಿ ಕಮಿಷನರ್ ಆದ.

ಲಾಭದ ಆಸೆ ಮ್ಯಾಂಚೆಸ್ಟರಿನದು. ಬೀಜ ತರಿಸಿದ್ದು, ತಜ್ಞನಿಗೆ ಪಗಾರ ಕೊಟ್ಟಿದ್ದು, ಯಂತ್ರ ರಿಪೇರಿ ಮಾಡಿದ್ದು ಸರಕಾರ. ಆ ಸರಕಾರದ ಬೊಕ್ಕಸ ತುಂಬುತ್ತಿದ್ದದ್ದು ಇದೇ ಹೊಲಗಳ ಕಂದಾಯದಿಂದ.

1857ರಲ್ಲಿ ಗಿರಣಿ ಮಾಲಕರು ಹತ್ತಿ ಪೂರೈಕೆ ಸಂಘ ಕಟ್ಟಿಕೊಂಡರು. ಅಮೆರಿಕದ ಗುಲಾಮರ ಹತ್ತಿಯ ಮೇಲೆ ಮ್ಯಾಂಚೆಸ್ಟರ್ ಸುತ್ತಲಿನ ಇಡೀ ಲ್ಯಾಂಕಾಷೈರ್ ಸೀಮೆ ನಿಂತಿರುವುದು ಅಪಾಯ ಅನ್ನೋದು ಅವರಿಗೆ ಗೊತ್ತಿತ್ತು. ಸಂಘ ಬೀಜ ಹಂಚಿತು, ಪತ್ರಿಕೆ ಹೊರಡಿಸಿತು, ಸರಕಾರಕ್ಕೆ ಅರ್ಜಿ ಹಾಕಿತು. ಸ್ವಂತ ಬಂಡವಾಳ ಹಾಕುವ ಪ್ರಯತ್ನ ಅಂತ ಆದದ್ದು ಮ್ಯಾಂಚೆಸ್ಟರ್ ಕಾಟನ್ ಕಂಪನಿ. ಕಾರವಾರದ ಎದುರಿನ ಸದಾಶಿವಗಡದಲ್ಲಿ ಜಾಗ ಹಿಡಿದು, ಅಲ್ಲಿಂದ ಧಾರವಾಡದ ಹತ್ತಿಯನ್ನು ನೇರ ಲಿವರ್‌ಪೂಲಿಗೆ ಕಳಿಸುವುದು ಯೋಜನೆ. ಯಂತ್ರ ಬಂದವು, ಪ್ರೆಸ್ಸು ಬಂದವು, ಘಟ್ಟದ ರಸ್ತೆ ಮಾತ್ರ ಮುಗಿದಿರಲಿಲ್ಲ. ಸರಕಾರ ಮಾತು ತಪ್ಪಿತು ಅಂತ ಕಂಪನಿ ದೂರಿತು. ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. ಮುಕ್ತ ವ್ಯಾಪಾರದ ಊರಿನ ಶ್ರೀಮಂತರು ಜಗತ್ತಿನ ಅತಿ ದೊಡ್ಡ ಹತ್ತಿ ಬರಗಾಲದ ಬಾಗಿಲಲ್ಲಿ ನಿಂತಾಗಲೂ ಆ ಕಂಪನಿಯ ಷೇರು ಕೊಳ್ಳಲು ಕೈ ಬಿಚ್ಚಲಿಲ್ಲ. ಅವರಿಗೆ ಇಂಡಿಯಾದ ಹತ್ತಿ ಬೇಕಿತ್ತು, ಅದರ ಮೇಲಿನ ರಿಸ್ಕ್ ಬೇಕಿರಲಿಲ್ಲ.

ಅಮೆರಿಕದ ಅಂತರ್ಯುದ್ಧ ಶುರುವಾಗಿ 1861ರಿಂದ 1865ರವರೆಗೆ ಅಲ್ಲಿನ ಬಂದರುಗಳು ಮುಚ್ಚಿದ್ದೇ ತಡ, ಧಾರಣೆ ಆಕಾಶ ಮುಟ್ಟಿತು. ಧಾರಣೆ ಏರಿದಾಗ ಏನಾಗುತ್ತದೆ ಅಂತ ಯಾವ ಅಡತಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ, ತೂಕ ಹೆಚ್ಚಿಸುವ ಕಲೆ ಬೆಳೆಯುತ್ತದೆ. ಹತ್ತಿಗೆ ನೀರು ಚಿಮುಕಿಸಿದರು, ಕಾಳು ಬಿಟ್ಟರು, ಮಣ್ಣು ಬೆರೆಸಿದರು. ಕುಮಟಾ ಹತ್ತಿಯನ್ನು ಧಾರವಾಡ-ಅಮೆರಿಕನ್ ಜೊತೆ ಕಲಸಿ ಗರಗಸದ ಜಿನ್ನಿಗೆ ಹಾಕಿ, ಎಲ್ಲಾ ಅಮೆರಿಕನ್ ಅಂತ ಮಾರಿದ್ದು ಎಲ್ಲಕ್ಕಿಂತ ದೊಡ್ಡ ಕಲಬೆರಕೆ. ಗಿರಣಿಯಲ್ಲಿ ಇದು ಯಾಕೆ ತೊಂದರೆ ಅಂದರೆ, ನೂಲು ಎಳೆಯುವ ಜೋಡಿ ರೋಲರುಗಳ ನಡುವಿನ ಅಂತರವನ್ನು ಎಳೆಯ ಉದ್ದಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ಉದ್ದದ ಎಳೆಗೆ ಹೊಂದಿಸಿದರೆ ಗಿಡ್ಡ ಎಳೆ ನಡುವೆ ತೇಲಿ ನೂಲು ದಪ್ಪ ತೆಳ್ಳಗಾಗುತ್ತದೆ. ಗಿಡ್ಡಕ್ಕೆ ಹೊಂದಿಸಿದರೆ ಉದ್ದದ್ದು ಹರಿಯುತ್ತದೆ. ಹೊಲಕ್ಕೂ ಇದರ ಪೆಟ್ಟು ಬಿತ್ತು. ಜಿನ್ನಿನ ಅಡಿಯಲ್ಲಿ ಬಿದ್ದ ಕಾಳೇ ಮುಂದಿನ ವರ್ಷದ ಬೀಜ, ಹಾಗಾಗಿ ಬೆರಕೆ ಬಿತ್ತನೆಗೇ ಇಳಿಯಿತು.

ಯಾರದ್ದು ತಪ್ಪು? ಬೆಳೆ ಬರುವ ಮೊದಲೇ ಮುಂಗಡ ಕೊಟ್ಟು ತೂಕದ ಮೇಲೆ ಕೊಂಡವರು ವರ್ತಕರು. ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಒಂದೇ ಧಾರಣೆ ಕೊಟ್ಟವರೂ ಅವರೇ. ಹೆಚ್ಚು ಕೊಡುವವರಿಲ್ಲದ ಕಡೆ ಸ್ವಚ್ಛ ಹತ್ತಿಗೆ ಯಾವನು ಕೂಲಿ ಹಾಕುತ್ತಾನೆ! ಮ್ಯಾಂಚೆಸ್ಟರಿನ ಉತ್ತರ ಮಾತ್ರ ಬೇರೆ ಇತ್ತು: ಕಾನೂನು ತನ್ನಿ, ಜೈಲಿಗೆ ಹಾಕಿ. 1863ರಲ್ಲಿ ಮುಂಬಯಿಯಲ್ಲಿ ಹತ್ತಿ ವಂಚನೆ ಕಾಯ್ದೆ ಬಂತು. ಇನ್‌ಸ್ಪೆಕ್ಟರುಗಳು ಊರೂರು ತಿರುಗಿದರು, ಅವರ ಪಗಾರಕ್ಕೆ ರಫ್ತಾಗುವ ಬೇಲಿನ ಮೇಲೆ ಶುಲ್ಕ ಬಿತ್ತು. ಶುಲ್ಕ ತಮ್ಮ ತಲೆಗೆ ಬಂದಾಗ ಮುಂಬಯಿಯ ರಫ್ತುದಾರರಿಗೆ ಇದ್ದಕ್ಕಿದ್ದಂತೆ ಮುಕ್ತ ವ್ಯಾಪಾರದ ನೆನಪಾಯಿತು. 1880ರ ದಶಕದ ಆರಂಭದಲ್ಲಿ ಕಾಯ್ದೆ ಹೋಯಿತು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಲಿವರ್‌ಪೂಲ್ ಅತ್ತ ತಿರುಗಿತು. ಮುಂಬಯಿಯಲ್ಲಿ ಹತ್ತಿ ರೊಕ್ಕದ ಮೇಲೆ ಎದ್ದಿದ್ದ ಷೇರು ಹುಚ್ಚು ಕುಸಿಯಿತು, ಬ್ಯಾಂಕ್ ಆಫ್ ಬಾಂಬೆ ಮುಳುಗಿತು. ಧಾರವಾಡದಲ್ಲಿ ಧಾರಣೆ ಇಳಿಯಿತು, ಕಂದಾಯ ಇಳಿಯಲಿಲ್ಲ. 1876-78ರ ದೊಡ್ಡ ಬರ ಬಂದಾಗ ಈ ಜಿಲ್ಲೆ ಬಹಳ ಪೆಟ್ಟು ತಿಂದಿತು. ಆ ಬರದ ಹೆಸರಲ್ಲೇ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಬರಗಾಲದ ರಕ್ಷಣೆಗೆ ಅಂತ ಮಂಜೂರಾದ ಹಾದಿ. 1884ರ ಹೊತ್ತಿಗೆ ಗದಗ ಮುಟ್ಟಿ, ಹುಬ್ಬಳ್ಳಿ ದಾಟಿ, 1888ರಲ್ಲಿ ಕ್ಯಾಸಲ್‌ರಾಕಿನ ಮೂಲಕ ಗೋವಾದ ಮುರಗಾಂವ ಬಂದರಿಗೆ ಕೂಡಿಕೊಂಡಿತು. ಅಲ್ಲಿಗೆ ಕುಮಟಾ ಬಂದರಿನ ಹತ್ತಿ ವ್ಯಾಪಾರದ ಕಥೆ ಮುಗಿಯಿತು. ಇಂಡಿಯಾದ ಮೊದಲ ರೈಲು ಕಂಪನಿಗಳ ಲಂಡನ್ ಷೇರುದಾರರಿಗೆ ಶೇಕಡಾ 5ರ ಬಡ್ಡಿ ಖಾತ್ರಿ ಇತ್ತು. ರೈಲು ಗಳಿಸಲಿ ಬಿಡಲಿ, ಕೊರತೆ ಬಿದ್ದದ್ದನ್ನು ಇಂಡಿಯಾದ ಬೊಕ್ಕಸ ತುಂಬಿಕೊಡಬೇಕು. ಸದರ್ನ್ ಮರಾಠಾಕ್ಕೂ ಕಡಿಮೆ ದರದಲ್ಲಿ ಇಂಥದೇ ಖಾತ್ರಿ. ಖಾಸಗಿ ಬಂಡವಾಳ ಅಂತ ಕರೆದರೂ ಲುಕ್ಸಾನಿನ ಪುಟ ಸರಕಾರದ್ದೇ.

ಸುಂಕದ ವಿಷಯದಲ್ಲಿ ಇದೇ ಮ್ಯಾಂಚೆಸ್ಟರ್ ಇನ್ನೂ ನಗ್ನ. ಇಂಡಿಯಾಕ್ಕೆ ಬರುವ ಬಟ್ಟೆಯ ಮೇಲಿನ ಶೇಕಡಾ 5 ಸುಂಕ ತೆಗೆಯಿರಿ ಅಂತ 1874ರಲ್ಲಿ ಅಲ್ಲಿನ ಚೇಂಬರ್ (ವಾಣಿಜ್ಯ ಸಂಘ) ಅರ್ಜಿ ಹಾಕಿತು, 1882ರಲ್ಲಿ ಅದು ಪೂರಾ ಹೋಯಿತು. ಬೊಕ್ಕಸ ಬರಿದಾಗಿ 1894ರಲ್ಲಿ ಸುಂಕ ಮತ್ತೆ ಹಾಕಬೇಕಾದಾಗ, ಹಾಗಾದರೆ ಮುಂಬಯಿಯ ಗಿರಣಿಗಳ ನೂಲಿನ ಮೇಲೂ ಹಾಕಿ ಅಂತ ಹಟ. 1896ರಿಂದ ಆಮದು ಬಟ್ಟೆಗೆ ಶೇಕಡಾ 3.5, ಇಲ್ಲಿನ ಗಿರಣಿ ಬಟ್ಟೆಗೂ ಶೇಕಡಾ 3.5 ಉತ್ಪಾದನಾ ತೆರಿಗೆ (ಎಕ್ಸೈಸ್). ತನ್ನ ನೆಲದ ಉದ್ಯಮಕ್ಕೆ ಪರದೇಶದ ಸರಕಿನಷ್ಟೇ ತೆರಿಗೆ ಹಾಕಿದ ಸರಕಾರ! 1925ರ ಕೊನೆಗೆ ಅದು ನಿಂತಿತು.

ಇಷ್ಟೆಲ್ಲ ಓದಿ ‘ಬ್ರಿಟಿಷ್ ಬಂಡವಾಳಗಾರ’ ಅಂತ ಒಂದೇ ಮೂಟೆ ಕಟ್ಟಿದರೆ ತಪ್ಪುತ್ತೇವೆ. ಸ್ವಿಟ್ಜರ್‌ಲೆಂಡಿಗೆ ಒಂದು ಗೇಣು ವಸಾಹತೂ ಇರಲಿಲ್ಲ. ಆದರೂ 1851ರಲ್ಲಿ ವಿಂಟರ್‌ಟೂರ್ ಮತ್ತು ಮುಂಬಯಿ ಎರಡೂ ಕಡೆ ಏಕಕಾಲಕ್ಕೆ ಶುರುವಾದ ವೋಲ್ಕಾರ್ಟ್ ಸಹೋದರರ ಕಂಪನಿ ಇಂಡಿಯಾದ ಹತ್ತಿ ರಫ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು. ಬ್ರಿಟಿಷ್ ಕಾನೂನು, ಬ್ರಿಟಿಷ್ ರೈಲು, ಬ್ರಿಟಿಷ್ ತಂತಿ ಎಲ್ಲಾ ಅವರಿಗೆ ಸಿಕ್ಕವು, ಸಾಮ್ರಾಜ್ಯ ಕಾಯುವ ಖರ್ಚು ಮಾತ್ರ ಅವರ ತಲೆಗೆ ಬರಲಿಲ್ಲ. (ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಅದು ಟಾಟಾ ಜೊತೆ ಸೇರಿ ವೋಲ್ಟಾಸ್ ಹುಟ್ಟಿತು. ಹುಬ್ಬಳ್ಳಿಯ ಎಷ್ಟೋ ಮನೆಗಳ ಗೋಡೆ ಮೇಲೆ ಇವತ್ತು ಅದರ ಏಸಿ ಇದೆ.) ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಸಾಮ್ರಾಜ್ಯ ವಿರೋಧಿ ಸಂಘದಲ್ಲಿದ್ದ. ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ಅಮೆರಿಕ ಫಿಲಿಪೀನ್ಸ್ ಪಡೆದಾಗ, ಆ 2 ಕೋಟಿ ನಾನೇ ಕೊಡುತ್ತೇನೆ, ಅವರನ್ನು ಸ್ವತಂತ್ರ ಬಿಡಿ ಅಂದ. ಅವನ ಉಕ್ಕು ಬೆಳೆದದ್ದು ಎತ್ತರದ ಆಮದು ಸುಂಕದ ನೆರಳಲ್ಲಿ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹಿಡಿದು ನೋಡಬೇಕು.

ನಮ್ಮವರೂ ಹಾಗೇ. ಜಮಸೇಟ್‌ಜಿ ಟಾಟಾ ನಾಗಪುರದ ಗಿರಣಿ ತೆರೆದದ್ದು 1877ರ ಜನವರಿ 1ರಂದು, ವಿಕ್ಟೋರಿಯಾ ಚಕ್ರವರ್ತಿನಿ ಅಂತ ಘೋಷಣೆಯಾದ ದಿನ. ಅದಕ್ಕೆ ಹೆಸರು ಎಂಪ್ರೆಸ್ ಮಿಲ್. ಹತ್ತು ವರ್ಷ ತುಂಬುವುದರೊಳಗೆ ಕೊಂಡ ಇನ್ನೊಂದು ಗಿರಣಿಗೆ ಸ್ವದೇಶಿ ಅಂತ ಇಟ್ಟರು. 1944ರ ಮುಂಬಯಿ ಯೋಜನೆಗೆ ಸಹಿ ಹಾಕಿದವರಲ್ಲಿ ಜೆ.ಆರ್.ಡಿ. ಟಾಟಾ, ಬಿರ್ಲಾ, ಲಾಲಾ ಶ್ರೀರಾಮ್, ಕಸ್ತೂರಭಾಯಿ ಲಾಲ್‌ಭಾಯಿ ಇದ್ದರು. 15 ವರ್ಷ, 10,000 ಕೋಟಿ ರೂಪಾಯಿ, ಭಾರೀ ಕೈಗಾರಿಕೆಗೆ ಸರಕಾರದ ಕೈ ಬೇಕು ಅಂತ ಬಂಡವಾಳಗಾರರೇ ಬರೆದುಕೊಟ್ಟರು. 1991ರಲ್ಲಿ ಪರದೇಶಿ ಬಂಡವಾಳಕ್ಕೆ ಬಾಗಿಲು ತೆರೆದ ಮೇಲೆ, 1993ರಲ್ಲಿ ‘ಬಾಂಬೆ ಕ್ಲಬ್’ ಅನ್ನಿಸಿಕೊಂಡ ಉದ್ಯಮಿಗಳು ಪರದೇಶಿ ಕಂಪನಿಗಳ ಎದುರು ಸಮಾನ ಅವಕಾಶ ಕೇಳಿದರು. ತಮ್ಮ ಕೈಗೆ ಎಟಕುವ ಮಾರುಕಟ್ಟೆ ಯಾವುದು, ತಮ್ಮ ಬಾಗಿಲಿಗೆ ಬರುವ ಪೈಪೋಟಿ ಎಷ್ಟು ಅನ್ನೋದರ ಮೇಲೆ ನಿಲುವು ಬದಲಾಗುತ್ತ ಬಂದಿದೆ.

ಈಗ ಅಮರಗೋಳದ ಎಪಿಎಂಸಿಗೆ ಬರೋಣ. ಇಲ್ಲಿ ಟೆಂಡರ್ ಹಾಕುವವರ ಮೊಬೈಲಿನಲ್ಲಿ ನ್ಯೂಯಾರ್ಕ್ ಧಾರಣೆ ಇರುತ್ತದೆ. ಅದು ಒಂದು ಪೌಂಡಿಗೆ ಇಷ್ಟು ಸೆಂಟ್ ಅಂತ ಬರುತ್ತದೆ, ನಮ್ಮಲ್ಲಿ ಅರಳೆ ವ್ಯಾಪಾರ ಖಂಡಿಯ ಮೇಲೆ. ಒಂದು ಖಂಡಿ 784 ಪೌಂಡ್, ಅಂದರೆ 355.62 ಕಿಲೋ. ಹಾಗಾಗಿ ಸೆಂಟನ್ನು 7.84ರಿಂದ ಗುಣಿಸಿದರೆ ಖಂಡಿಗೆ ಡಾಲರ್, ಅದನ್ನು ಡಾಲರಿನ ರೇಟಿನಿಂದ ಗುಣಿಸಿದರೆ ರೂಪಾಯಿ. ಲೆಕ್ಕಕ್ಕೆ 65 ಸೆಂಟ್, ಡಾಲರಿಗೆ 85 ರೂಪಾಯಿ ಹಿಡಿಯಿರಿ: ಖಂಡಿಗೆ 43,316 ರೂಪಾಯಿ, ಕಿಲೋ ಅರಳೆಗೆ ಸುಮಾರು 122. ಒಂದು ಕ್ವಿಂಟಲ್ ಹತ್ತಿ ಜಿನ್ನು ಮಾಡಿದರೆ 34 ಕಿಲೋ ಅರಳೆ, 64 ಕಿಲೋ ಕಾಳು, ಉಳಿದದ್ದು ಕಸ ಮತ್ತು ಒಣಗಿ ಹೋದ ತೂಕ. ಅರಳೆಗೆ 4,141, ಕಾಳಿಗೆ ಕಿಲೋಕ್ಕೆ 35ರಂತೆ 2,240. ಕೂಡಿದರೆ 6,381. ಅದರಲ್ಲಿ ಜಿನ್ನಿಂಗ್, ಪ್ರೆಸ್ಸಿಂಗ್, ಹಮಾಲಿ, ಸಾಗಣೆ ಕಳೆದರೆ ಆರು ಸಾವಿರದ ಆಸುಪಾಸು. ಕೇಂದ್ರದ ಬೆಂಬಲ ಬೆಲೆ 2025-26ಕ್ಕೆ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110. ಇದು ಕಾಗದದ ಲೆಕ್ಕ, ಹಡಗಿನ ಬಾಡಿಗೆ ಮತ್ತು ಗುಣಮಟ್ಟದ ಹೆಚ್ಚುವರಿ ಇದರಲ್ಲಿ ಹಿಡಿದಿಲ್ಲ. ಆದರೂ ಹುಬ್ಬಳ್ಳಿಯ ರೈತ ಯಾರ ಜೊತೆ ಪೈಪೋಟಿಯಲ್ಲಿದ್ದಾನೆ ಅನ್ನೋದು ಇದರಲ್ಲಿ ಕಾಣುತ್ತದೆ.

ನ್ಯೂಯಾರ್ಕಿನ ಆ ಸೆಂಟು ಮಾರುಕಟ್ಟೆಯೊಂದರಿಂದಲೇ ಹುಟ್ಟಿದ್ದಲ್ಲ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು, 2005ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಮೆರಿಕ ಸಬ್ಸಿಡಿ ನಿಲ್ಲಿಸಿತೆ? ಬ್ರೆಜಿಲ್ ಪ್ರತೀಕಾರದ ಸುಂಕಕ್ಕೆ ಸಿದ್ಧವಾದಾಗ, 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರನ್ನು ಬ್ರೆಜಿಲಿನ ಹತ್ತಿ ಬೆಳೆಗಾರರ ನಿಧಿಗೆ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ತನ್ನ ರೈತರಿಗೆ ಸಬ್ಸಿಡಿ ಕೊಡುವ ಹಕ್ಕು ಉಳಿಸಿಕೊಳ್ಳಲು ಬೇರೆ ದೇಶದ ರೈತರಿಗೂ ರೊಕ್ಕ ಕೊಟ್ಟಿತು ಅಂದಹಾಗಾಯಿತು. ಅದೇ ದೂರನ್ನು 2003ರಲ್ಲಿ ಎತ್ತಿದ್ದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳಿಗೆ ಪ್ರತೀಕಾರದ ತಾಕತ್ತು ಇರಲಿಲ್ಲ.

ಇತ್ತ ನಮ್ಮಲ್ಲಿ 2021ರಿಂದ ಆಮದು ಹತ್ತಿಗೆ ಶೇಕಡಾ 11 ಸುಂಕ ಇತ್ತು. 2025ರ ಆಗಸ್ಟ್ 19ರಿಂದ ಅದನ್ನು ತೆಗೆದರು, ಮೊದಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ಅದೇ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲೆ ಅಮೆರಿಕದ ಸುಂಕ ಶೇಕಡಾ 50 ಆಗಲಿತ್ತು. ಬಟ್ಟೆ ರಫ್ತುದಾರರು ಅಗ್ಗದ ಹತ್ತಿ ಕೇಳಿದ್ದು ಸುಳ್ಳು ಕಾರಣಕ್ಕಲ್ಲ. ತಿರುಪ್ಪೂರಿನ ಗಿರಾಕಿ ಬಾಂಗ್ಲಾದೇಶಕ್ಕೆ ಹೋದರೆ ವಾಪಸು ಬರೋದು ಕಷ್ಟ. ಆದರೆ ನಮ್ಮ ಕಡೆ ಹೊಸ ಹತ್ತಿ ಯಾರ್ಡಿಗೆ ಬರುವುದು ಅಕ್ಟೋಬರ್ ನವೆಂಬರಿನಲ್ಲಿ. ಮೇಲಿನ ಲೆಕ್ಕದಲ್ಲೇ ಶೇಕಡಾ 11 ಅಂದರೆ ಖಂಡಿಗೆ 4,765, ಕ್ವಿಂಟಲ್ ಹತ್ತಿಗೆ ಸುಮಾರು 455 ರೂಪಾಯಿ. ವ್ಯಾಪಾರಿ ಬೆಂಬಲ ಬೆಲೆಗಿಂತ ಕೆಳಗೆ ಕೂಗಿದರೆ ಉಳಿಯುವುದು ಭಾರತೀಯ ಹತ್ತಿ ನಿಗಮ. ಅಲ್ಲಿ ತೇವಾಂಶ ಶೇಕಡಾ 8 ಇದ್ದರೆ ಪೂರಾ ಬೆಲೆ, 12ರವರೆಗೆ ಕಡಿತ, ಅದರ ಮೇಲೆ ವಾಪಸು. ಮುಂಜಾನೆ ಮಂಜಿನಲ್ಲಿ ಬಿಡಿಸಿ ಅಂಡಿಗೆ ತುಂಬಿದ ಹತ್ತಿ 12 ದಾಟುವುದು ಕಷ್ಟದ ಕೆಲಸವೇನಲ್ಲ. ಬಿಸಿಲಲ್ಲಿ ಹರವಿ ಒಣಗಿಸಿ ಒಯ್ದರೆ ತೂಕ ಇಳಿಯುತ್ತದೆ, ಆ ಇಳಿತ ರೈತನದೇ. ನಿಗಮ ಕೊಂಡು ಕಳಕೊಂಡ ರೊಕ್ಕ ಬೊಕ್ಕಸದ್ದು. ಗಿರಣಿಯ ಬೇಡಿಕೆ ಮಾತ್ರ ಪೂರ್ತಿ ಈಡೇರಿತು.

ಹಾವೇರಿ ಜಿಲ್ಲೆಗೆ ಇಳಿದರೆ ಈ ಏರ್ಪಾಡು ಇನ್ನೂ ಹತ್ತಿರದಿಂದ ಕಾಣುತ್ತದೆ. ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜೋತ್ಪಾದನೆ ನಡೆಯುತ್ತದೆ, ಟೊಮೆಟೊ, ಮೆಣಸಿನಕಾಯಿ, ಹತ್ತಿ. ಹತ್ತಿಯ ಕ್ರಾಸಿಂಗ್ ಹೀಗೆ: ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಬುಡಕ್ಕೆ ಗೀರು ಹಾಕಿ ದಳವನ್ನೂ ಪರಾಗಕೋಶವನ್ನೂ ಒಟ್ಟಿಗೆ ತಿರುವಿ ತೆಗೆಯಬೇಕು. ಉಗುರು ಆಳಕ್ಕೆ ಹೋದರೆ ಅಂಡಾಶಯಕ್ಕೆ ಗಾಯವಾಗಿ ಕಾಯಿ ಉದುರುತ್ತದೆ, ಒಂದು ಪರಾಗಕೋಶ ಉಳಿದರೂ ಬೀಜ ಕೆಡುತ್ತದೆ. ಅದಕ್ಕೆ ಕೆಂಪು ಕಾಗದದ ಟೋಪಿ ಹಾಕುತ್ತಾರೆ, ಮರುದಿನ ಮುಂಜಾನೆ ಹಸಿರಿನ ನಡುವೆ ಹುಡುಕಲು ಸುಲಭ. ಒಂಬತ್ತರಿಂದ ಹನ್ನೊಂದರ ಒಳಗೆ ಗಂಡು ಹೂವನ್ನು ತಂದು ಸವರಬೇಕು, ಒಂದು ಗಂಡು ಹೂವು ನಾಲ್ಕೈದು ಹೆಣ್ಣಿಗೆ ಸಾಕು. ಟೊಮೆಟೊದಲ್ಲಿ ಚಿಮಟಿಗೆಯ ಕೆಲಸ. ಕ್ರಾಸ್ ಆದ ಹೂವಿನ ಹಸಿರು ಪುಷ್ಪಪತ್ರ ಕತ್ತರಿಸಿ ಗುರುತು ಇಡುತ್ತಾರೆ, ಕೊಯ್ಲಿನಲ್ಲಿ ಗುರುತಿಲ್ಲದ ಹಣ್ಣು ಬೇರೆ ಬುಟ್ಟಿಗೆ.

ಕಂಪನಿ ಕೊಡುವುದು ತಾಯಿ ತಂದೆ ಬೀಜ, ಅದೂ ಬರೀ ಕೋಡ್ ನಂಬರಿನಲ್ಲಿ. ನಡುವೆ ಆರ್ಗನೈಸರ್ ಇರುತ್ತಾನೆ, ಮುಂಗಡ ಅವನ ಕೈಯಿಂದ. ಕೊಟ್ಟ ಬೀಜಕ್ಕೆ ಮೊಳಕೆ ಪರೀಕ್ಷೆ, ಆಮೇಲೆ ಬಿತ್ತಿ ಬೆಳೆಸಿ ನೋಡುವ ಜಿಒಟಿ (ಗ್ರೋ ಔಟ್ ಟೆಸ್ಟ್). ತಳಿಶುದ್ಧತೆ ಫೇಲ್ ಆದರೆ ಲಾಟು ವಾಪಸು. ಪಕ್ಕದ ಹೊಲದಿಂದ ಜೇನುಹುಳ ತಂದ ಪರಾಗಕ್ಕೂ ಬೆಳೆದವನೇ ಹೊಣೆ. ಮಾರುಕಟ್ಟೆ ಜಗತ್ತಿನದು, ಬ್ರಾಂಡು ಕಂಪನಿಯದು, ಹೊಲ ಕೂಲಿ ಹವಾಮಾನ ರಾಣೆಬೆನ್ನೂರಿನದು. ಕುಸುಗಲ್ಲಿನ ತೋಟ ಮುಚ್ಚಲು ಮರ್ಸರ್ ಕೊಟ್ಟ ಕಾರಣ ಇವತ್ತಿಗೂ ಹೊಂದುತ್ತದೆ. ಸ್ವಂತ ತೋಟ ಮಾಡುವುದಕ್ಕಿಂತ ರೈತನ ಕೈಯಲ್ಲಿ ಮಾಡಿಸುವುದು ಅಗ್ಗ.

ಸರಕಾರ ತಿರುಗಿ ನಿಂತದ್ದೂ ಉಂಟು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಕಟರಕಿ ಅವರು 1972ರಲ್ಲಿ ಕೊಟ್ಟ ವರಲಕ್ಷ್ಮಿ, 1981ರ ಡಿಸಿಎಚ್-32 ಸರಕಾರಿ ರೊಕ್ಕದ ಹೈಬ್ರಿಡ್‌ಗಳು. 2002ರಲ್ಲಿ ಕುಲಾಂತರಿ ಬಿಟಿ ಹತ್ತಿ ಬಂದ ಮೇಲೆ ಮೊದಲ ವರ್ಷಗಳಲ್ಲಿ 450 ಗ್ರಾಂ ಪೊಟ್ಟಣದ ಬೆಲೆಯ ದೊಡ್ಡ ಪಾಲು ತಂತ್ರಜ್ಞಾನದ ಫೀ ಆಗಿತ್ತು. ಕೇಂದ್ರದ ಬೆಲೆ ನಿಯಂತ್ರಣ ಆದೇಶದ ಮೇಲೆ 2016ರಲ್ಲಿ ಬಿಜಿ-2 (ಬಿಟಿಯ ಎರಡನೇ ತಲೆಮಾರು) ಪೊಟ್ಟಣಕ್ಕೆ 800 ರೂಪಾಯಿ, ಅದರಲ್ಲಿ ಫೀ 49. ಆ ಫೀ 2018ರಲ್ಲಿ 39ಕ್ಕೆ, 2020ರಲ್ಲಿ ಸೊನ್ನೆಗೆ ಇಳಿಯಿತು. ತಂತ್ರಜ್ಞಾನ ಹಂಚಿಕೊಳ್ಳಬೇಕು ಅಂತ ಸರಕಾರ ಹೇಳಿದ್ದಕ್ಕೆ 2016ರಲ್ಲೇ ಮೊನ್ಸಾಂಟೊ ಕಡೆಯವರು ಮುಂದಿನ ತಲೆಮಾರಿನ ಹತ್ತಿಯ ಅರ್ಜಿಯನ್ನು ವಾಪಸು ತೆಗೆದುಕೊಂಡರು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಬಿಜಿ-2ಕ್ಕೂ ಬಗ್ಗದಂತಾಗಿತ್ತು. ಕೊರಕ ಹೀಗೆ ಬಗ್ಗದಂತಾಗುವುದನ್ನು ತಡೆಯಲು ಹೊಲದ ಸುತ್ತ ಬಿತ್ತಬೇಕಾಗಿದ್ದ 120 ಗ್ರಾಂ ಬಿಟಿಯಲ್ಲದ ಬೀಜದ ಪೊಟ್ಟಣವನ್ನು ಎಷ್ಟು ಜನ ಬಿತ್ತಿದರು ಅಂತ ಯಾವುದೇ ಗೊಬ್ಬರದ ಅಂಗಡಿಯಲ್ಲಿ ಕೇಳಿ ನೋಡಿ.

ನೆಲದ ಪ್ರಶ್ನೆ ಬಂದಾಗಲೂ ದೊಡ್ಡ ಬಂಡವಾಳ ನೇರ ರೈತನ ಮನೆಗೆ ಬರುವುದು ಅಪರೂಪ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿದಾಗ ಸರಕಾರದ ಪಾಲು ಶೇಕಡಾ 51, ಖಾಸಗಿ ಕಂಪನಿ ಹರಿಹರ ಪಾಲಿಫೈಬರ್ಸ್‌ದು 49. ನೀಲಗಿರಿ ಬೆಳೆಸಲು 30,000 ಹೆಕ್ಟೇರ್ ಊರೊಟ್ಟಿನ ಜಮೀನು. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು, 1991ರಲ್ಲಿ ಕಂಪನಿ ಮುಚ್ಚಿತು. ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ 2011ರಲ್ಲಿ ಕೊರಿಯಾದ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ವಶಕ್ಕೆ ಇಳಿದದ್ದು ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ (ಕೆಐಎಡಿಬಿ). ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಎದುರು ನಿಂತರು, ಅದೇ ಜುಲೈಯಲ್ಲಿ ಸರಕಾರ ಕೈಬಿಟ್ಟಿತು. ಜಗಳ ಆದದ್ದೆಲ್ಲ ರೈತನಿಗೂ ಸರಕಾರಕ್ಕೂ.

ಬಾವುಟದ ಮೇಲೆ ಇವರಿಗೆ ಎಷ್ಟು ಮಮತೆ ಅನ್ನೋದಕ್ಕೆ ವೊಡಾಫೋನ್ ನೋಡಿ. ಕಂಪನಿ ಬ್ರಿಟಿಷರದು. 2012ರಲ್ಲಿ ಭಾರತ ಹಿಂದಿನ ದಿನಾಂಕಕ್ಕೆ ತೆರಿಗೆ ಹಾಕಿದಾಗ ಅದು ಮೊದಲು ಹಿಡಿದದ್ದು ಭಾರತ-ನೆದರ್‌ಲೆಂಡ್ಸ್ ಹೂಡಿಕೆ ಒಪ್ಪಂದವನ್ನು, ನಡುವೆ ಡಚ್ ಕಂಪನಿಯೊಂದು ಇತ್ತಲ್ಲ. ಹೇಗ್ ಪಟ್ಟಣದ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಾಲಯದ ಮೂಲಕ 2020ರ ಸೆಪ್ಟೆಂಬರಿನಲ್ಲಿ ಗೆದ್ದಿತು. 2021ರಲ್ಲಿ ಸರಕಾರ ಆ ತೆರಿಗೆಯನ್ನೇ ಹಿಂದೆ ತೆಗೆದುಕೊಂಡಿತು. ತೆರಿಗೆ ಹಾಕಿದ ರೀತಿ ಸರಿಯಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದರೆ ಅಂಥ ಪಂಚಾಯ್ತಿಕಟ್ಟೆ ಪರದೇಶಿ ಹೂಡಿಕೆದಾರನಿಗಷ್ಟೇ ಉಂಟು. ತೇವಾಂಶದ ಮೀಟರ್ ತಪ್ಪು ತೋರಿಸಿತು ಅನ್ನುವ ಹೆಬ್ಬಳ್ಳಿಯ ರೈತನಿಗೆ ಹೇಗ್ ಪಟ್ಟಣದ ದಾರಿ ಇಲ್ಲ.

ಇದನ್ನೆಲ್ಲ ಸ್ವತಃ ಪರೀಕ್ಷಿಸಬೇಕು ಅನ್ನುವವರಿಗೆ ಜಗತ್ತಿನ ಉದ್ಯಮಿಗಳು ವರ್ಷಕ್ಕೊಮ್ಮೆ ಸೇರುವ ದಾವೋಸಿನ ಭಾಷಣ ಬೇಕಾಗಿಲ್ಲ. ಅಮೆರಿಕದ ಕಂಪನಿಯಾದರೆ ಅದರ ವಾರ್ಷಿಕ 10-ಕೆ ವರದಿಯ ಐಟಂ 1ಎ ತೆಗೆಯಿರಿ. ಅಲ್ಲಿ ತಮಗೆ ಯಾವ ಸುಂಕದ, ಯಾವ ಕಾನೂನಿನ ಭಯ ಅಂತ ಷೇರುದಾರರಿಗೆ ಅವರೇ ಬರೆದಿರುತ್ತಾರೆ, ಸುಳ್ಳು ಬರೆದರೆ ಕೇಸು ಬೀಳುತ್ತದೆ. ನಮ್ಮ ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನುವ, ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಬೇಕು. ಅದರ ಏಳನೇ ತತ್ತ್ವದ ಅಡಿಯಲ್ಲಿ ಕಂಪನಿ ಯಾವ ಚೇಂಬರುಗಳ ಸದಸ್ಯ ಅನ್ನೋ ಪಟ್ಟಿ ಕಡ್ಡಾಯ. ಸರಕಾರದ ಮುಂದೆ ಯಾವ ನೀತಿಗಾಗಿ ವಾದ ಮಾಡಿದೆ ಅನ್ನೋ ಕೋಷ್ಟಕವೂ ಇದೆ, ಅದು ಸ್ವಇಚ್ಛೆಯದು, ಬಹಳ ಸಲ ಖಾಲಿ. ಹಾಗಾಗಿ ಕಡ್ಡಾಯದ ಪಟ್ಟಿಯಿಂದ ಚೇಂಬರಿನ ಹೆಸರು ತೆಗೆದುಕೊಂಡು, ಆ ಚೇಂಬರ್ ಬಜೆಟ್ಟಿಗೆ ಮೊದಲು ಕೊಟ್ಟ ಮನವಿಪತ್ರ ಓದಬೇಕು. ಹತ್ತಿಯ ಮಟ್ಟಿಗೆ ಗಿರಣಿಗಳ ಸಂಘ, ಜಿನ್ನಿಂಗ್‌ನವರ ಸಂಘ, ರೈತ ಸಂಘಟನೆ ಮೂರರ ಮನವಿಯನ್ನೂ ಒಂದೇ ವರ್ಷದ್ದು ಪಕ್ಕಪಕ್ಕ ಇಟ್ಟು ಮೂರು ಸಾಲು ಎಳೆದುಕೊಳ್ಳಿ: ಏನು ಕೇಳಿದರು, ಖರ್ಚು ಯಾರ ಮೇಲೆ, ಯಾವ ತಾರೀಕಿಗೆ ಬೇಕು ಅಂದರು. ಮೂರನೇ ಸಾಲನ್ನು ಅಮರಗೋಳದ ಆವಕದ ತಿಂಗಳುಗಳ ಜೊತೆ ಹೋಲಿಸಿ ನೋಡಿ.